ಬಾನಿಗೆ ಹಾಕಿದ ಹೆಪ್ಪು

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ, ರಾಕ್ಷಸನ ಪ್ರಾಣವಿರುವ ಗಿಣಿಯ ಕತ್ತು ಹಿಚುಕಿ ಬಂದರೆ ಸಾಕು, ಮದುವೆಯಾಗಿಬಿಡುತ್ತಿತ್ತು. ನಮ್ಮ ಊರಿನಲ್ಲಿ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಇಲ್ಲಿ ತಾಳಿ ಕಟ್ಟಿದ ಮೇಲೆ ಹೆಣ್ಣಿನ ಜೊತೆ ಅವಳ ಬೆಕ್ಕೂ ಗಂಡಿನ ಮನೆಗೆ ಬರಬೇಕು. ಬಂದು, ಆ ಮನೆಯವರು ಮಣ್ಣೋ ಹೊಟ್ಟೋ ತುಂಬಿಟ್ಟ ಬಾನಿಯಲ್ಲಿ ಕೂತು ತನ್ನ ಕೆಲಸ ಮುಗಿಸಬೇಕು, ಮುಗಿಸಿ ಮುಚ್ಚಬೇಕು. ಆಗ ಮದುವೆ. ಅಲ್ಲಿಯವರೆಗೆ ಹೆಣ್ಣು ಜಗಲಿಯ ಚಾಪೆಯ ಮೇಲೆ ಕೂತಿರಬೇಕು, ಹೊಸಿಲು ದಾಟುವಂತಿಲ್ಲ, ಬೆಕ್ಕನ್ನು ಮುಟ್ಟುವಂತಿಲ್ಲ. ಒಂದು ವೇಳೆ ಬೆಕ್ಕು ಬೇರೆ ಯಾರದೋ ಬಾನಿಯಲ್ಲಿ ಕೂತರೆ ಹೆಣ್ಣೂ ಆ ಮನೆಗೇ. ಅದರಲ್ಲಿ ಚರ್ಚೆಯಿಲ್ಲ. ಅಕ್ಕಸಾಲಿಗರ ಮನೆಯ ಸೊಸೆಯಾಗಬೇಕಿದ್ದ ನಮ್ಮ ದೊಡ್ಡಮ್ಮ, ಅವರ ಬೆಕ್ಕು ಅಂಚೆ ಮಾಸ್ತರರ ಬಾನಿ ಮೆಚ್ಚಿದ್ದರಿಂದ, ಇಂದಿಗೂ ಅಂಚೆಚೀಟಿಗಳ ಬೆನ್ನು ನೆಕ್ಕಿ ಅಂಟಿಸುತ್ತಾ ಸುಖವಾಗಿದ್ದಾರೆ. ಸುಖವಾಗಿದ್ದೇನೆ ಎಂದು ಅವರೇ ಹೇಳುತ್ತಾರೆ. ಬಾಯಿತುಂಬ ಗೋಂದು ಇರುವವರು ಬೇರೆ ಏನು ಹೇಳಿಯಾರು?

ಹೆಣ್ಣಿಗೆ ಒಪ್ಪಿಗೆಯೋ ಇಲ್ಲವೋ ಎಂದು ಕೇಳುವ ಮುಜುಗರದಿಂದ ನಮ್ಮ ಹಿರಿಯರು ಹೀಗೆ ಪಾರಾಗಿದ್ದಾರೆ. ಬೆಕ್ಕನ್ನು ಕೇಳುತ್ತಾರೆ. ಬೆಕ್ಕಾದರೆ ಅಳುವುದಿಲ್ಲ, ಯೋಚಿಸಿ ಹೇಳುತ್ತೇನೆ ಎನ್ನುವುದಿಲ್ಲ, ಹೇಳುವುದನ್ನು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಹೇಳುತ್ತದೆ.

ಮೊದಲು ಇದೆಲ್ಲ ಒಂದು ಗಳಿಗೆಯ ಕೆಲಸವಾಗಿತ್ತಂತೆ. ಎಲ್ಲರ ಮನೆಯ ಬಾನಿಯಲ್ಲೂ ಒಂದೇ ಮಣ್ಣು, ಊರ ಹೊರಗಿನ ಗುಡ್ಡದಿಂದ ಅಗೆದು ತಂದ ಬೂದುಬಣ್ಣದ ಜೇಡಿ. ಒದ್ದೆಯಾದ ಕಡೆ ಉಂಡೆ ಕಟ್ಟುತ್ತಿತ್ತು, ಉಂಡೆಯನ್ನು ಎತ್ತಿ ಎಸೆದರೆ ಆಯಿತು. ತವರಿನ ಬಾನಿಗೂ ಗಂಡನ ಮನೆಯ ಬಾನಿಗೂ ಬೆಕ್ಕಿಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಹೆಣ್ಣಿಗೆ ತಿಳಿಯುತ್ತಿತ್ತು, ಆ ಮಾತು ಬೇರೆ. ಹೀಗೆ ಅಗೆದು ಅಗೆದು ಗುಡ್ಡ ಹೋಗಿ ಹೊಂಡವಾಯಿತು. ಎಸೆದ ಉಂಡೆಗಳೆಲ್ಲ ಸೇರಿ ಊರಿನ ಇನ್ನೊಂದು ತುದಿಯಲ್ಲಿ ಹೊಸ ಗುಡ್ಡ ಎದ್ದಿತು, ಆದರೆ ಅದರ ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಜೇಡಿಯ ದೂಳಿಗೆ ಬೆಕ್ಕುಗಳು ಸೀನತೊಡಗಿದವು. ಬೆಕ್ಕುಗಳ ಹಿಂದೆ ಬಾನಿ ಬಳಿಯುವ ಹೆಂಗಸರು ಎಷ್ಟೋ ಕಾಲದಿಂದ ಸೀನುತ್ತಿದ್ದರು, ಅದನ್ನು ಯಾರೂ ಗಮನಿಸಿರಲಿಲ್ಲ. ಬೆಕ್ಕು ಸೀನಿದ ಮೇಲೆ ಪುರಸಭೆ ಕೂತು, ಚಹಾ ಕುಡಿದು, ಇನ್ನು ಮುಂದೆ ಬಾನಿಗೆ ನೈಸರ್ಗಿಕ ವಸ್ತುಗಳನ್ನು ಮಾತ್ರ ಬಳಸತಕ್ಕದ್ದು ಎಂದು ಠರಾವು ಮಾಡಿತು. ಮಣ್ಣು ನಿಸರ್ಗದ್ದಲ್ಲ ಎಂಬುದು ನಮಗೆಲ್ಲ ಅಂದೇ ಗೊತ್ತಾದದ್ದು.

ಅಂದಿನಿಂದ ಊರಿನಲ್ಲಿ ಜಾತಿಗಳು ಸಾಲದೆ ಹೊಸ ಜಾತಿಗಳು ಹುಟ್ಟಿದವು. ಭತ್ತದ ಹೊಟ್ಟಿನವರು ಮರದ ಹೊಟ್ಟಿನವರ ಮನೆಯಲ್ಲಿ ಊಟ ಮಾಡುವುದನ್ನು ಬಿಟ್ಟರು. ಮೆಕ್ಕೆಜೋಳದ ದಿಂಡು ಕುಟ್ಟಿ ಹಾಕುವವರು ರದ್ದಿ ಕಾಗದ ಹರಿದು ಹಾಕುವವರನ್ನು ಕಂಡರೆ ಮೂಗು ಮುರಿಯತೊಡಗಿದರು. ಇವರೆಲ್ಲರ ನೆತ್ತಿಯ ಮೇಲೆ ಕೂತವರು ತೆಂಗಿನ ನಾರಿನ ಪುಡಿಯವರು. ಅವರಿಗೊಂದು ಮಹಿಳಾ ಸಮಾಜವಿತ್ತು, ಅದಕ್ಕೊಬ್ಬರು ಅಧ್ಯಕ್ಷೆ ಇದ್ದರು, ಅವರ ಹೆಸರು ತ್ರಿಪುರಾಂಬ. ಅವರಿಗೊಬ್ಬ ಮಗನೂ ಇದ್ದ.

ನಮ್ಮ ಮನೆಯಲ್ಲಿ ಮಾತ್ರ ಜೇಡಿಯೇ. ಅಜ್ಜಿ ಯಾರ ಮಾತಿಗೂ ಜಗ್ಗಲಿಲ್ಲ. "ಹೊಟ್ಟು ಹಾಕೋದು ದನಕ್ಕೆ, ನಾರು ಹಾಕೋದು ಹಾಸಿಗೆಗೆ," ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ, ಊರಿನಲ್ಲಿ ಉಳಿದಿದ್ದ ಕೊನೆಯ ಜೇಡಿ ಚೀಲವನ್ನು ನನ್ನ ತಲೆಯ ಮೇಲೆ ಹೊರಿಸಿಕೊಂಡು ಬಂದಳು. ನಾನು ನಡೆಯುವಾಗ ನೆಲ ನೋಡುವುದು ಕಡಿಮೆ. ಮೋಡದಲ್ಲಿ ಏನೋ ಆನೆಯೋ ಅಂಬಾರಿಯೋ ಕಂಡಿತ್ತು, ಎಡವಿದೆ, ಚೀಲ ನಡುಬೀದಿಯಲ್ಲಿ ಬಾಯಿಬಿಟ್ಟಿತು. ಎದುರಿನ ಗೋಣಿಚೀಲದ ಅಂಗಡಿಯಿಂದ ಒಬ್ಬ ಎದ್ದು ಬಂದು, ಏನೂ ಕೇಳದೆ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ದಬ್ಬಣದಿಂದ ಚೀಲ ಹೊಲಿದುಕೊಟ್ಟ. ಹೊಲಿಯುವಾಗ ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಕಥೆಗಳಲ್ಲಿ ಕುದುರೆ ಏರಿ ಕತ್ತಿ ಹಿಡಿದು ಬರುವವನಿಗಾಗಿ ಕಾದಿದ್ದ ನಾನು, ದಬ್ಬಣ ಹಿಡಿದವನಿಗೆ ಸೋತುಹೋದೆ. ಅವನೇ ತ್ರಿಪುರಾಂಬ ಅವರ ಮಗ ವಾಮನ. ಹೆಸರಿಗೆ ವಾಮನ, ಬಾಗದೆ ಯಾವ ಬಾಗಿಲೂ ದಾಟಲಾರ.

ನನ್ನ ಬೆಕ್ಕಿನ ಹೆಸರು ಜಮಖಾನಿ. ಕಪ್ಪು, ಬಿಳುಪು, ಕೆಂಪು ಮೂರೂ ಬಣ್ಣ ಸೇರಿ, ಮದುವೆಮನೆಯಲ್ಲಿ ಹಾಸುವ ಜಮಖಾನದ ಹಾಗೆ ಕಾಣುತ್ತಾಳೆ. ಮದುವೆಯ ದಿನ ಬೆಳಿಗ್ಗೆ ಅವಳಿಗೆ ಸೀಗೆಕಾಯಿ ಹಾಕಿ ಮೀಯಿಸಿದರು, ದೃಷ್ಟಿಯಾಗದಿರಲಿ ಎಂದು ಕೆನ್ನೆಗೆ ಕಾಡಿಗೆ ಇಟ್ಟರು. ಮಂಗಳಕಾರ್ಯವಲ್ಲವೇ, ಮನೆಯಲ್ಲಿ ಕೊಳೆ ಇರಬಾರದು ಎಂದು ಅಜ್ಜಿ ಅವಳ ಹಳೆಯ ಬಾನಿಯ ಜೇಡಿಯನ್ನೆಲ್ಲ ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿದು, ಬಾನಿಯನ್ನು ಹುಣಸೆಹಣ್ಣು ಹಾಕಿ ಬೆಳಗಿಟ್ಟಳು. ಅದರಲ್ಲಿ ಮುಖ ಕಾಣುತ್ತಿತ್ತು. ನಮ್ಮ ಊರಿನವರು ಶುಭಕಾರ್ಯಕ್ಕೆ ಹೀಗೇ ತಯಾರಾಗುವುದು.

ತ್ರಿಪುರಾಂಬ ಅವರ ಮನೆಯಲ್ಲಿ ನಡುಮನೆಯ ಮಧ್ಯದಲ್ಲೇ ಬಾನಿ ಇಟ್ಟಿದ್ದರು. ಸುತ್ತ ರಂಗೋಲಿ, ಮೂಲೆಗಳಿಗೆ ಚೆಂಡುಹೂವು, ಒಳಗೆ ಮೆದುವಾದ ತೆಂಗಿನ ನಾರಿನ ಪುಡಿ, ಅದರ ಮೇಲೆ ಪನ್ನೀರು. ಪಕ್ಕದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಶಾಮಣ್ಣನವರು ಕೂತಿದ್ದರು. ಊರಿನಲ್ಲಿ ಯಾವ ಬೆಕ್ಕು ಎಲ್ಲಿ ಕೂತರೂ ನೋಡಿ ತೀರ್ಪು ಕೊಡುವವರು ಅವರೇ, ವಂಶಪಾರಂಪರ್ಯವಾಗಿ ನೋಡಿಕೊಂಡು ಬಂದವರು. ಅವರ ಹಿಂದೆ ನೆಂಟರು ಬೆನ್ನಿಗೆ ಬೆನ್ನು ತಾಗಿಸಿ ಕೂತಿದ್ದರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು, ವಾಲಗದವರು ಕೆನ್ನೆ ಉಬ್ಬಿಸಿ ಕಾದಿದ್ದರು. ನಾನು ಜಗಲಿಯ ಚಾಪೆಯ ಮೇಲಿಂದ ಕಿಟಕಿಯ ಸರಳುಗಳ ನಡುವೆ ನೋಡುತ್ತಿದ್ದೆ. ಜಮಖಾನಿ ಬಾನಿಯ ಹತ್ತಿರ ಬಂದಳು. ಮೂಸಿದಳು. ತ್ರಿಪುರಾಂಬ ಅವರ ಮುಖವನ್ನು, ಎರಡನೇ ಸಲ ಪಾಯಸ ಬಡಿಸದವರನ್ನು ನೋಡುವ ಹಾಗೆ ನೋಡಿದಳು. ನೇರ ಹೋಗಿ ಮಂಚದ ಕೆಳಗೆ ಸೇರಿದಳು.

"ಪನ್ನೀರು ಸಾಲ್ದೇನೋ," ಎಂದರು ತ್ರಿಪುರಾಂಬ.

"ಹೊಸ ಜಾಗ ಅಲ್ವಾ, ನಾಚಿಕೆ," ಎಂದರು ಯಾರೋ.

"ನಮ್ಮ ಜಮಖಾನಿಗೆ ನಾಚಿಕೆ ಇಲ್ಲ, ಮಾನ ಇದೆ," ಎಂದಳು ಅಜ್ಜಿ ಜಗಲಿಯಿಂದ. "ಒಂದ್ ಬೊಗಸೆ ಜೇಡಿ ಇಟ್ಟಿದ್ರೆ ಇಷ್ಟೊತ್ತಿಗೆ ಎಲ್ರೂ ಎಲೆ ಮುಂದೆ ಕೂತಿರ್ತಿದ್ವಿ, ಬೀಗಿತ್ತಿ."

"ಜೇಡಿ ಈ ಹೊಸಿಲು ದಾಟಲ್ಲ ಅಜ್ಜಿ. ನಾನು ಅಧ್ಯಕ್ಷೆ."

"ಅಧ್ಯಕ್ಷೆ ಆಗಿ. ಬೆಕ್ಕು ನಿಮ್ಮ ಸಮಾಜದ ಸದಸ್ಯೆ ಅಲ್ವಲ್ಲ."

ಸಂಜೆಯ ಹೊತ್ತಿಗೆ ನೆಂಟರೆಲ್ಲ ತಜ್ಞರಾಗಿದ್ದರು. ವಾಮನನ ಸೋದರತ್ತೆ ಭತ್ತದ ಹೊಟ್ಟಿನವರು. ಬಾನಿಯನ್ನು ಸೋಪು ಹಾಕಿ ತೊಳೆಸಿ, ಒರೆಸಿ, ಹೊಟ್ಟು ತುಂಬಿಸಿದರು. ಜಮಖಾನಿಯನ್ನು ಮಂಚದ ಕೆಳಗಿಂದ ಎಳೆದು ಅದರಲ್ಲಿ ಬಿಟ್ಟರು. ಅಂಗಾಲಿಗೆ ಚುಚ್ಚಿತು, ಒಂದೊಂದೇ ಕಾಲು ಎತ್ತಿ ಒದರಿದಳು. ಕುಣಿಯುತ್ತಿದ್ದಾಳೆ ಎಂದುಕೊಂಡು ವಾಲಗದವರು ಲಯ ಏರಿಸಿದರು. ಮಾರನೆಯ ಬೆಳಿಗ್ಗೆ ಮರದ ಡಿಪೋದ ಚಿಕ್ಕಪ್ಪನ ಸರದಿ. "ಇದು ಸಾಗವಾನಿ ಹೊಟ್ಟು. ಕಂಡಕಂಡ ಮರದ್ದಲ್ಲ," ಎಂದು ಬೆಕ್ಕಿಗೆ ಕೇಳುವ ಹಾಗೆ ಹೇಳಿ ಸುರಿದರು. ಜಮಖಾನಿ ಸಾಗವಾನಿಯ ಮೇಲೆ ಸೀನಿದಳು. ಕಾಗದದವರು ಹಳೆಯ ಪತ್ರಿಕೆಗಳನ್ನು ಎಳೆಎಳೆಯಾಗಿ ಹರಿದು ತುಂಬಿದಾಗ ಅದರಲ್ಲಿ ಸುರುಳಿ ಸುತ್ತಿ ಮಲಗಿ, ಊರಿನ ಸುದ್ದಿಗಳ ಮೇಲೆ ಗೊರಕೆ ಹೊಡೆದಳು. ಕಡಲೆಕಾಯಿ ಸಿಪ್ಪೆ ಶ್ರೇಷ್ಠ ಎಂದು ಒಬ್ಬರು ಹೇಳಿದ್ದೇ ತಡ, ನೆಂಟರೆಲ್ಲ ವೃತ್ತಾಕಾರವಾಗಿ ಕೂತು ಮಧ್ಯಾಹ್ನವಿಡೀ ಮೂಟೆಗಟ್ಟಲೆ ಕಡಲೆಕಾಯಿ ಸುಲಿದರು. ಸಿಪ್ಪೆ ಬಾನಿಗೆ, ಬೀಜ ಸುಲಿದವರ ಬಾಯಿಗೆ. ನಿಸರ್ಗದ ಸೇವೆಯಲ್ಲಿ ನಮ್ಮವರು ಇಷ್ಟು ಒಗ್ಗಟ್ಟಾಗಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಜಮಖಾನಿ ಒಂದು ಸಿಪ್ಪೆಯನ್ನು ಪಂಜದಲ್ಲಿ ತಳ್ಳಿ ಆಡಿದಳು, ಮಂಚದ ಕೆಳಗೆ ಹೋದಳು. ಪ್ರತಿ ಸಲವೂ ಬಾನಿಯನ್ನು ತೊಳೆದರು, ಪ್ರತಿ ಸಲವೂ ಹೊಸದಾಗಿ ಪನ್ನೀರು ಚಿಮುಕಿಸಿದರು, ಪ್ರತಿ ಸಲವೂ ಊರೆಲ್ಲ ಸುತ್ತ ಕೂತು ಅವಳ ಬಾಲದ ಬುಡವನ್ನೇ ನೋಡಿತು.

ಎಷ್ಟು ಹೊತ್ತು ಹೀಗೆ ಕಾಯಬಹುದು ಎಂಬುದಕ್ಕೂ ಒಂದು ಕಟ್ಟಳೆ ಇದೆ. ಗಂಡಿನ ಮನೆಯ ಉಗ್ರಾಣದಲ್ಲಿ ನೆಂಟರಿಗೆ ಹಾಕಲು ಇರುವವರೆಗೆ. ಉಗ್ರಾಣ ಬರಿದಾದರೆ ಶಾಮಣ್ಣನವರು ಎದ್ದು ಹಿತ್ತಲ ಬಾಗಿಲು ತೆರೆಯುತ್ತಾರೆ. ಆಮೇಲೆ ಬೆಕ್ಕಿನ ಇಷ್ಟ, ಹೆಣ್ಣಿನ ಹಣೆಬರಹ.

ಈ ಕಟ್ಟಳೆ ಪಕ್ಕದ ಮನೆಯ ಅನಂತುವಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೂದಲು ಉದುರಿ, ಹಲ್ಲು ಸಡಿಲಾಗುವ ವಯಸ್ಸಿನವರೆಗೂ ಮದುವೆಯಾಗದ ಅನಂತು, ಬೀದಿಯಲ್ಲಿ ಯಾವ ಮದುವೆ ನಡೆದರೂ ತನ್ನ ಕಾಂಪೌಂಡಿನ ಪಕ್ಕದಲ್ಲಿ ಒಂದು ಬಾನಿ ಇಟ್ಟು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಅವನ ಬಾನಿಯಲ್ಲಿದ್ದದ್ದು ಎಲ್ಲಿಂದಲೋ ಉಳಿಸಿಟ್ಟಿದ್ದ ಬೂದುಬಣ್ಣದ ಜೇಡಿ. ಗಾಳಿ ಬೀಸಿದರೆ ಅದರ ವಾಸನೆ ಜಗಲಿಗೆ ಬರುತ್ತಿತ್ತು. ಜಮಖಾನಿಗೂ ಬರುತ್ತಿತ್ತು. ಅವಳು ಮಂಚದ ಕೆಳಗಿಂದ ಎದ್ದು ಬಂದು ಕಿಟಕಿಯ ಮೇಲೆ ನಿಂತು ಆ ಕಡೆಗೇ ಮೂಗು ಮಾಡುತ್ತಿದ್ದಳು. ಹಾರುವಷ್ಟರಲ್ಲಿ ಯಾರಾದರೂ ಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದರು.

"ನಾನೇನೂ ಬಲವಂತ ಮಾಡಲ್ಲಮ್ಮ," ಎಂದ ಅನಂತು ಗೋಡೆಯ ಆ ಕಡೆಯಿಂದ, ಬಹಳ ಸಭ್ಯವಾಗಿ. "ಬಾನಿ ಇಟ್ಟಿದೀನಿ, ಅಷ್ಟೆ. ನಿಮಗೆ ತಿಳಿನೀಲಿ ಇಷ್ಟಾನಾ? ಕೋಣೆಗೆ ಸುಣ್ಣ ಹೊಡಿಸ್ತಿದೀನಿ, ಅದಕ್ಕೆ ಕೇಳ್ದೆ. ಅವಸರ ಏನಿಲ್ಲ."

ಅಷ್ಟು ಹೊತ್ತಿನಲ್ಲಿ ನನ್ನ ಇಷ್ಟವೇನು ಎಂದು ಕೇಳಿದ ಮೊದಲ ವ್ಯಕ್ತಿ ಅನಂತು. ಅದೂ ಸುಣ್ಣದ ಬಗ್ಗೆ. ಅವನ ಮನೆಯ ಕಿಟಕಿಯಿಂದ ಕೂಲಿಯವನೊಬ್ಬ ಆಗಲೇ ಗೋಡೆಗೆ ನೀಲಿ ಬಳಿಯುತ್ತಿದ್ದುದು ಕಾಣುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನದ ಊಟ ನಡೆಯುತ್ತಿದ್ದಾಗ ವಾಮನ ಕಿಟಕಿಯ ಒಳಬದಿಗೆ ಬಂದು ನಿಂತ. ಅವನ ಮುಖ ಸರಳುಗಳ ನಡುವೆ ಉದ್ದುದ್ದ ತುಂಡುಗಳಾಗಿ ಕಾಣುತ್ತಿತ್ತು.

"ಊಟ ಮಾಡಿದ್ಯಾ?"

"ಅವಳು ಮಾಡಿಲ್ಲ. ನನಗೆ ಹೇಗೆ ಇಳಿಯುತ್ತೆ?"

"ಹಾಲು ಇಟ್ಟೆ. ಮೂಸಿನೂ ನೋಡ್ಲಿಲ್ಲ. ಹೊಟ್ಟೆ ಕಲ್ಲಾಗಿದೆ ಮಂದಾಕಿನಿ. ಮುಟ್ಟಿದ್ರೆ ನರಳ್ತಾಳೆ." ಅವನ ಮುಂಗೈಯ ಮೇಲೆ ಕೆಂಪಗೆ ಗೀರುಗಳಿದ್ದವು. "ನಿಜವಾಗ್ಲೂ ಅವಳಿಗೆ ಏನು ಬೇಕು, ನೀನೇ ಹೇಳು."

"ಯಾರೂ ಇಲ್ಲದಿರೋದು ಬೇಕು, ರೀ. ನಿಮಗಾದ್ರೆ ವಾಲಗ ಊದಿಸ್ಕೊಂಡು ಆಗುತ್ತಾ?"

ಅವನು ಯೋಚಿಸಿದ. ಅವನು ಎಲ್ಲವನ್ನೂ ನಿಜವಾಗಿಯೇ ಯೋಚಿಸುತ್ತಾನೆ. "ಇಲ್ಲ," ಎಂದ. ಆಮೇಲೆ ತಲೆ ತಗ್ಗಿಸಿ, "ಅನಂತು ಮಾಮ ಏನಂತಿದ್ರು?" ಎಂದು ಕೇಳಿದ.

"ತಿಳಿನೀಲಿ ಅಂತಿದ್ರು."

ಸರಳಿನ ಮೇಲಿದ್ದ ವಾಮನನ ಕೈ ಬಿಗಿಯಾಯಿತು. ನಾನು ಹೊರಗಿನಿಂದ ಅದೇ ಸರಳನ್ನು ಹಿಡಿದುಕೊಂಡೆ, ಸ್ವಲ್ಪ ಕೆಳಗೆ. ನಮ್ಮ ಊರಿನ ಕಟ್ಟಳೆಗಳಲ್ಲಿ ಸರಳಿನ ಬಗ್ಗೆ ಏನೂ ಇಲ್ಲ.

ಅಷ್ಟರಲ್ಲಿ ಒಳಗೆ ಅಡಿಗೆಯವರ ದನಿ ಏರಿತು. "ಅಮ್ಮಾ, ಮೊಸರು ಮುಗೀತು. ಅಕ್ಕಿ ರಾತ್ರಿಗೆ ಸಾಲಲ್ಲ. ಹಾಲು ಮಾತ್ರ ಎರಡು ಕೊಳಗ ಇದೆ."

"ಹಾಲಿದೆ ಅಂದ್ರೆ ಹೆಪ್ಪು ಹಾಕ್ರಿ!"

"ಹೆಪ್ಪಿಗೇ ಇಲ್ಲಮ್ಮ. ಡಿಪೋ ಚಿಕ್ಕಪ್ಪನೋರು ಪಾತ್ರೆ ಬಳಕೊಂಡು ತಿಂದ್ರು."

"ಹೆಪ್ಪಿಗೂ ಉಳಿಸದೆ ಬಡಿಸ್ತಾರೇನ್ರೀ ಯಾರಾದ್ರೂ?" ತ್ರಿಪುರಾಂಬ ಅವರ ದನಿಯಲ್ಲಿ ಮೊದಲ ಸಲ ಅಧ್ಯಕ್ಷತೆ ಇರಲಿಲ್ಲ. "ಇನ್ನು ಈ ಹಾಲಿನ ಸುತ್ತ ಎಲ್ರೂ ಕೂತು ನೋಡಿ. ನೋಡ್ತಾ ಕೂತ್ರೆ ಮೊಸರಾಗುತ್ತೆ!"

ನನಗೆ ನಗು ಬಂತು. ನಗುತ್ತಿದ್ದ ಹಾಗೆಯೇ ನಗು ನಿಂತಿತು. ಅಜ್ಜಿ ಬೆಳಗಿಟ್ಟ ಬಾನಿ ಕಣ್ಣ ಮುಂದೆ ಬಂತು, ಮುಖ ಕಾಣುತ್ತಿದ್ದ ಆ ಬಾನಿ. ಇಲ್ಲಿ ಮತ್ತೆ ಮತ್ತೆ ಸೋಪು ಹಾಕಿ ತೊಳೆದ ಬಾನಿ. ಜಮಖಾನಿ ಪ್ರತಿ ಸಲ ಮೂಸಿ ಮೂಸಿ ಹುಡುಕುತ್ತಿದ್ದದ್ದು ಹೊಟ್ಟನ್ನೂ ಅಲ್ಲ, ನಾರನ್ನೂ ಅಲ್ಲ. ತನ್ನನ್ನೇ.

"ಅತ್ತೆ!" ಎಂದು ಕಿಟಕಿಯಿಂದ ಕೂಗಿದೆ. "ಬಾನಿಗೂ ಹೆಪ್ಪು ಬೇಕು!"

ನಡುಮನೆ ತಿರುಗಿ ನೋಡಿತು. ಶಾಮಣ್ಣನವರು ಬೆರಳೆತ್ತಿ, "ಇನ್ನೂ ಅತ್ತೆ ಅನ್ನಂಗಿಲ್ಲಮ್ಮ, ತೀರ್ಪು ಆಗಿಲ್ಲ," ಎಂದರು.

"ಸರಿ, ಇನ್ನೂ ಅತ್ತೆ ಆಗದೇ ಇರೋರೇ," ಎಂದೆ, "ಅವಳ ಹಳೇ ಬಾನಿಯಲ್ಲಿದ್ದದ್ದು ನಮ್ಮ ಕರಿಬೇವಿನ ಬುಡದಲ್ಲಿ ಬಿದ್ದಿದೆ. ಅದರಲ್ಲಿ ಒಂದ್ ಹಿಡಿ ತಂದು ನಿಮ್ಮ ನಾರಿನ ಪುಡಿಗೆ ಬೆರೆಸಿ. ಹೊಸ ಹಾಲಿಗೆ ಹಳೇ ಮೊಸರು ಹಾಕಲ್ವಾ, ಹಾಗೆ. ಪುಡಿ ನಿಮ್ಮದೇ. ನಿಮ್ಮ ಪುಡಿಯಲ್ಲಿ ಏನೂ ತಪ್ಪಿಲ್ಲ. ಮೆತ್ತಗಿದೆ, ಕಾಲಿಟ್ಟರೆ ಇಳಿಯುತ್ತೆ, ಕೆರೆದ್ರೆ ಮುಚ್ಚುತ್ತೆ, ದೂಳು ಏಳಲ್ಲ. ಆದ್ರೆ ಅದು ಅವಳದು ಅಂತ ಅವಳಿಗೆ ಗೊತ್ತಾಗಬೇಕಲ್ಲ."

"ಜೇಡಿ," ಎಂದರು ತ್ರಿಪುರಾಂಬ. ಆ ಒಂದು ಪದವನ್ನು ಅವರು ಚಿಮಟದಲ್ಲಿ ಹಿಡಿದು ಆಚೆ ಎಸೆದ ಹಾಗೆ ಹೇಳಿದರು. "ಅದೂ ಬಳಸಿದ್ದು. ನನ್ನ ಮನೇಲಿ. ಸಮಾಜದೋರೆಲ್ಲ ಇಲ್ಲೇ ಕೂತಿರೋವಾಗ."

"ಅಯ್ಯೋ ಬೇಡ ಬಿಡಿ," ಎಂದಳು ಅಜ್ಜಿ, ಎಲೆಗೆ ಸುಣ್ಣ ಹಚ್ಚುತ್ತಾ. "ಪಕ್ಕದ ಮನೇಲಿ ಸುಣ್ಣಬಣ್ಣ ಆಗ್ತಿದೆ. ಹುಡುಗಿಗೆ ನೀಲಿ ಒಪ್ಪುತ್ತೆ."

ತ್ರಿಪುರಾಂಬ ಕಿಟಕಿಯ ಬಳಿ ಬಂದು ಅನಂತುವಿನ ಮನೆಯ ಕಡೆ ನೋಡಿದರು. ಅನಂತು ಸ್ಟೂಲಿನಿಂದ ಎದ್ದು ನಮಸ್ಕಾರ ಮಾಡಿದ. ಅವರು ಮಗನ ಮುಖ ನೋಡಿದರು, ಅವನ ಮುಂಗೈ ನೋಡಿದರು. ನನ್ನನ್ನು ನೋಡಿದರೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡು ಶಾಮಣ್ಣನವರತ್ತ ತಿರುಗಿದರು. "ಶಾಮಣ್ಣೋರೇ, ಹೆಪ್ಪು ಹಾಕಿದ ಹಾಲನ್ನ ಹಾಲು ಅಂತೀರೋ, ಹೆಪ್ಪು ಅಂತೀರೋ?"

ಶಾಮಣ್ಣನವರು ಕಣ್ಣು ಮುಚ್ಚಿ ಬಹಳ ಹೊತ್ತು ಆಲೋಚಿಸಿದರು. ಅವರಿಗೂ ರಾತ್ರಿಯ ಊಟಕ್ಕೆ ಅಕ್ಕಿ ಸಾಲದು ಎಂಬುದು ಕೇಳಿಸಿತ್ತು. "ಹೆಪ್ಪು ಚಮಚದಲ್ಲಿದ್ರೆ ಲೆಕ್ಕಕ್ಕಿಲ್ಲ," ಎಂದರು.

"ಹಾಗಾದ್ರೆ ಚಮಚದಲ್ಲಿ," ಎಂದರು ತ್ರಿಪುರಾಂಬ. "ಮತ್ತೆ ಯಾರೂ ಅದರ ಹೆಸರು ಎತ್ತಬಾರದು. ತವರಿನ ಹೆಪ್ಪು, ಅಷ್ಟೆ."

ಅಜ್ಜಿ ಮನೆಗೆ ಹೋಗಿ, ಕರಿಬೇವಿನ ಬುಡ ಕೆದಕಿ, ಬೆಳ್ಳಿಯ ಬಟ್ಟಲಿನಲ್ಲಿ ಹಾಕಿ, ಮೇಲೆ ಬಾಳೆ ಎಲೆ ಮುಚ್ಚಿ, ಬಾಗಿನ ಕೊಡುವವಳ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದಳು. ಬೀದಿಯಲ್ಲಿ ಎದುರಾದವರೆಲ್ಲ ಕೈಮುಗಿದರಂತೆ. ತ್ರಿಪುರಾಂಬ ಸೆರಗಿನಿಂದ ಮೂಗು ಮುಚ್ಚಿಕೊಂಡು ಮರದ ಸೌಟಿನಲ್ಲಿ ತೆಗೆದುಕೊಂಡರು. ಅವರ ಸೌಟು ಅಜ್ಜಿಯ ಬೊಗಸೆಗಿಂತ ದೊಡ್ಡದಿತ್ತು, ಅದನ್ನು ಇಬ್ಬರೂ ನೋಡಿದರು, ಇಬ್ಬರೂ ಹೇಳಲಿಲ್ಲ. ವಾಮನ ಬಾನಿಗೆ ಮತ್ತೆ ನಾರಿನ ಪುಡಿ ತುಂಬಿ, ಬರಿಗೈಯಲ್ಲೇ ಅದನ್ನು ಬೆರೆಸಿದ. ಪನ್ನೀರು ಬೇಡ ಎಂದೆ. ಚೆಂಡುಹೂವು ಬೇಡ ಎಂದೆ. ಬಾನಿಯನ್ನು ನಡುಮನೆಯಿಂದ ಎತ್ತಿ, ಕೋಣೆಯ ಮೂಲೆಯಲ್ಲಿ ಹಾಸಿಗೆಗಳ ಸುರುಳಿಯ ಹಿಂದೆ, ಕತ್ತಲಲ್ಲಿ ಇಡಿ ಎಂದೆ. ಚಾಪೆಯ ಮೇಲೆ ಕೂತುಕೊಂಡೇ ಆ ಮನೆಯನ್ನು ನಾನು ಆಳಿದ್ದು ಅದೊಂದೇ ಮಧ್ಯಾಹ್ನ, ಆಮೇಲೆ ಅಂಥ ಅಧಿಕಾರ ಸಿಕ್ಕಿಲ್ಲ. ಕೊನೆಗೆ, ಯಾರೂ ನೋಡಬಾರದು ಎಂದೆ.

ಅದಕ್ಕೆ ಶಾಮಣ್ಣನವರು ಕುರ್ಚಿಯಿಂದ ಎದ್ದೇಬಿಟ್ಟರು. "ನೋಡದೆ ತೀರ್ಪು ಹೇಗಮ್ಮ ಕೊಡೋದು? ನಮ್ಮ ತಾತ ನೋಡಿದ್ರು, ನಮ್ಮಪ್ಪ ನೋಡಿದ್ರು."

"ಸದ್ದು ಕೇಳಿ," ಎಂದೆ. "ಮುಗಿದ ಮೇಲೆ ಎಷ್ಟು ಬೇಕೋ ಅಷ್ಟು ನೋಡಿ."

ಹೀಗೆ ನಮ್ಮ ಊರಿನ ಚರಿತ್ರೆಯಲ್ಲಿ ಮೊದಲ ಸಲ, ಮದುವೆಗೆ ಬಂದ ನೆಂಟರೆಲ್ಲ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ, ತಪ್ಪು ಮಾಡಿದ ಮಕ್ಕಳ ಹಾಗೆ ಸಾಲಾಗಿ ಕೂತರು. ಶಾಮಣ್ಣನವರು ಕುರ್ಚಿಯನ್ನು ತಿರುಗಿಸಿಕೊಂಡರು. ವಾಲಗದವರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಪಕ್ಕದ ಮನೆಯ ಅನಂತುವೂ ಸ್ಟೂಲು ತಿರುಗಿಸಿ ಬೆನ್ನು ಹಾಕಿ ಕೂತ. ಅದಕ್ಕೆ ಅವನ ಸಭ್ಯತೆಯೇ ಕಾರಣವೋ, ತನ್ನ ಬಾನಿಗೂ ಅದೇ ಉಪಾಯ ಫಲಿಸಲಿ ಎಂಬ ಆಸೆಯೋ, ಯಾರು ಕಂಡರು. ವಾಮನ ಜಮಖಾನಿಯನ್ನು ಎತ್ತಿ ತಂದು, ಬಾನಿಯ ಹತ್ತಿರ ಬಿಟ್ಟು, ನಡುಮನೆಗೆ ಬಂದು ತಾನೂ ಗೋಡೆಗೆ ಹಣೆ ಹಚ್ಚಿ ನಿಂತ.

ನಾನೊಬ್ಬಳೇ ತಿರುಗಿರಲಿಲ್ಲ. ಸರಳುಗಳ ನಡುವಿಂದ ಕೋಣೆಯ ಬಾಗಿಲನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಜಮಖಾನಿ ಆ ಬಾಗಿಲಿನಿಂದ ಹೊರಗೆ ಬಂದಳು. ಗೋಡೆಗೆ ಮುಖ ಮಾಡಿದ್ದ ಅಷ್ಟೂ ಬೆನ್ನುಗಳನ್ನು ದಾಟಿ, ನಿಧಾನವಾಗಿ ನಡೆದು ಬಂದು, ಕಿಟಕಿಯ ಮೇಲೆ ಹಾರಿ, ನನ್ನ ಮುಖದ ಎದುರಿಗೇ ನಿಂತಳು. ಆ ಸರಳುಗಳ ನಡುವೆ ಬೆಕ್ಕೊಂದು ಆರಾಮಾಗಿ ನುಸುಳಬಹುದು. ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು. ಅವಳ ಮೂಗು ಅಲುಗಿತು. ಕಾಂಪೌಂಡಿನ ಆಚೆ ಅನಂತುವಿನ ಬೋಳುತಲೆ, ಅದರ ಪಕ್ಕದಲ್ಲಿ ಬೂದು ಜೇಡಿ, ಅದರ ಹಿಂದೆ ನೀಲಿ ಗೋಡೆ. ಕೈ ಚಾಚಿದ್ದರೆ ಅವಳ ಕತ್ತು ಹಿಡಿಯಬಹುದಿತ್ತು. ಯಾರೂ ನೋಡುತ್ತಿರಲಿಲ್ಲ. ಕಥೆಯಲ್ಲಿ ರಾಜಕುಮಾರ ಗಿಣಿಯ ಕತ್ತು ಹಿಡಿದಾಗ ಅದಕ್ಕೆ ಹೇಗಾಗಿದ್ದಿರಬಹುದು ಎಂದು ಅಜ್ಜಿ ಯಾವತ್ತೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಜಮಖಾನಿಯ ಕಣ್ಣು ನೋವಿನಿಂದ ಕಿರಿದಾಗಿತ್ತು. ಎಲ್ಲರೂ ಸೇರಿ ಅವಳನ್ನು ಸಾಕಷ್ಟು ಎಳೆದಾಡಿದ್ದರು. ನಾನು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಆಮೇಲೆ ನಾನೂ ತಿರುಗಿ, ಜಗಲಿಯ ಗೋಡೆಗೆ ಮುಖ ಮಾಡಿ ಕೂತೆ.

ಕಿಟಕಿಯ ಮೇಲಿಂದ ಅವಳು ಹಾರಿದ ಸದ್ದು ಕೇಳಿತು. ಯಾವ ಕಡೆಗೆ ಎಂದು ತಿಳಿಯಲಿಲ್ಲ.

ಊರು ಅಷ್ಟು ಸುಮ್ಮನಿದ್ದದ್ದನ್ನು ನಾನು ಕೇಳಿಯೇ ಇರಲಿಲ್ಲ. ಗೋಡೆಯ ಸುಣ್ಣದಲ್ಲಿ ಒಂದು ಬಿರುಕಿತ್ತು, ಅದನ್ನೇ ನೋಡುತ್ತಾ ಕೂತೆ. ಎಲ್ಲಿಂದಲೋ ಕೆರೆಯುವ ಸದ್ದು ಶುರುವಾಯಿತು.

"ಕೆರೀತಿದೆ," ಎಂದು ಪಿಸುಗುಟ್ಟಿದರು ಶಾಮಣ್ಣ. "ಒಳಗಿಂದಾನಾ, ಹೊರಗಿಂದಾನಾ?"

ನಾನು ಕಣ್ಣು ಮುಚ್ಚಿದೆ. ಜೇಡಿಯನ್ನು ಕೆರೆದರೆ ಕರಕರ ಎನ್ನುತ್ತದೆ, ಹಲ್ಲಿಗೆ ಮರಳು ಸಿಕ್ಕ ಹಾಗೆ. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಇದು ಹಾಗಿರಲಿಲ್ಲ. ಯಾರೋ ಹಳೆಯ ಹತ್ತಿಯ ಸೀರೆಯನ್ನು ಮಡಚುತ್ತಿರುವ ಹಾಗೆ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತಿರುವ ಹಾಗೆ, ಮೆತ್ತಗೆ, ಬೇಕಾದಷ್ಟು ಹೊತ್ತು ತೆಗೆದುಕೊಂಡು.

"ನಾರು," ಎಂದೆ ಗೋಡೆಗೆ. "ಒಳಗಿಂದ."

ಅದು ನಿಂತಿತು. ಜಮಖಾನಿ ಕಾಲು ಒದರಿಕೊಳ್ಳುತ್ತಾ ಹೊರಬಂದು, ಸೀದಾ ಅಡಿಗೆಮನೆಗೆ ಹೋಗಿ ಹಾಲು ಕುಡಿಯತೊಡಗಿದ ಸದ್ದೂ ಕೇಳಿತು. ಆಮೇಲೆ ಕುರ್ಚಿ ಎಳೆದ ಸದ್ದು, ಶಾಮಣ್ಣನವರ ಚಪ್ಪಾಳೆಯಂಥ ಹೆಜ್ಜೆಗಳು, ದೀಪ ತನ್ನಿ ಎಂಬ ಕೂಗು, ಮತ್ತೆ "ಒಪ್ಪಿದೆ! ಮುಚ್ಚಿದೆ!" ಎಂಬ ತೀರ್ಪು. ವಾಲಗದವರು ಇಷ್ಟು ಹೊತ್ತು ಹಿಡಿದಿಟ್ಟ ಉಸಿರನ್ನೆಲ್ಲ ಒಟ್ಟಿಗೆ ಬಿಟ್ಟರು. ಕಾಂಪೌಂಡಿನ ಆಚೆ ಅನಂತು ಬಾನಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಸ್ಟೂಲು ಎತ್ತಿಕೊಂಡು ಒಳಗೆ ಹೋದ. ಹೋಗುವ ಮೊದಲು ಸುಣ್ಣ ಹೊಡೆಯುವವನಿಗೆ, "ಪೂರ್ತಿ ಮಾಡಪ್ಪ, ಹೇಗೂ ಕಲಸಿ ಆಗಿದೆ," ಎಂದ.

ನೆಂಟರೆಲ್ಲ ಎದ್ದು, ಒಬ್ಬರ ಮೇಲೊಬ್ಬರು ಬಿದ್ದು, ಕೋಣೆಯ ಮೂಲೆಗೆ ನುಗ್ಗಿದರು. ತ್ರಿಪುರಾಂಬ ಬಾನಿಯ ಪಕ್ಕದಲ್ಲಿ ನಿಂತು ಭಾಷಣ ಆರಂಭಿಸಿದ್ದರು. "ತೆಂಗಿನ ನಾರಿನ ಪುಡಿಯ ಗುಣ ಏನು ಅಂದ್ರೆ..." ಭತ್ತದ ಹೊಟ್ಟಿನ ಸೋದರತ್ತೆ, ಹಿಡಿಯಷ್ಟು ಹೊಟ್ಟು ಬೆರೆಸಿದ್ದರೆ ಇನ್ನೂ ಬೇಗ ಆಗುತ್ತಿತ್ತು ಎನ್ನುತ್ತಿದ್ದರು. ಡಿಪೋ ಚಿಕ್ಕಪ್ಪ, ಜಮಖಾನಿ ಸೀನಿದ್ದರಿಂದಲೇ ಹೊಟ್ಟೆ ಸಡಿಲಾದದ್ದು ಎಂದು ಸಾಧಿಸುತ್ತಿದ್ದರು. ಅಜ್ಜಿ ಬೆಳ್ಳಿಯ ಬಟ್ಟಲನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದಳು. ಅದು ಖಾಲಿಯಾಗಿತ್ತು, ಆದರೂ ಜನ ಇಣುಕಿ ನೋಡುತ್ತಿದ್ದರು.

ನನ್ನನ್ನು ಒಳಗೆ ಕರೆಯಲು ಯಾರೂ ಬರಲಿಲ್ಲ. ಆರತಿ ಹಿಡಿಯಬೇಕಾದವರು ಆರತಿಯ ದೀಪವನ್ನೇ ಬಾನಿ ನೋಡಲು ಒಯ್ದಿದ್ದರು. ಚಾಪೆಯ ಮೇಲೆ ಸ್ವಲ್ಪ ಹೊತ್ತು ಕಾದೆ. ಕಾಲು ಜೋಮು ಹಿಡಿದಿತ್ತು. ಎದ್ದೆ, ಸೆರಗು ಕೊಡವಿಕೊಂಡೆ, ಹೊಸಿಲಿನ ಬಳಿ ಹೋದೆ. ಅಲ್ಲಿ ಸೊಸೆ ಬಲಗಾಲಿನಿಂದ ಒದ್ದು ಒಳಗೆ ಬರಲೆಂದು ಇಟ್ಟ ಹಿತ್ತಾಳೆಯ ಸೇರು ಇತ್ತು. ಬಗ್ಗಿ ನೋಡಿದೆ. ಅದರಲ್ಲಿದ್ದ ಅಕ್ಕಿಯನ್ನೂ ನೆಂಟರಿಗೆ ಬೇಯಿಸಿ ಹಾಕಿದ್ದರು, ತಳದಲ್ಲಿ ಒಂದು ಕಾಳೂ ಇರಲಿಲ್ಲ. ಸರಿ ಎಂದು ಒದ್ದೆ. ಖಾಲಿ ಸೇರು ಠಣಠಣ ಸದ್ದು ಮಾಡುತ್ತಾ ನಡುಮನೆಯ ಉದ್ದಕ್ಕೂ ಉರುಳಿತು. ಒಬ್ಬರೂ ತಿರುಗಿ ನೋಡಲಿಲ್ಲ. ಉರುಳುತ್ತಾ ಉರುಳುತ್ತಾ ಹೋಗಿ, ಗೋಡೆಗೆ ಹಣೆ ಹಚ್ಚಿ ಇನ್ನೂ ಹಾಗೆಯೇ ನಿಂತಿದ್ದ ಒಬ್ಬನ ಪಾದಕ್ಕೆ ತಾಗಿ ನಿಂತಿತು. ತೀರ್ಪು ಕೇಳಿದ ಮೇಲೂ ತಿರುಗಲು ಅವನಿಗೆ ಧೈರ್ಯ ಬಂದಿರಲಿಲ್ಲ.

ವಾಮನ ಸೇರು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಬಂದ್ಯಾ?" ಎಂದ.

"ಬಂದೆ," ಎಂದೆ. "ಕರೆಯೋರು ಯಾರೂ ಇರ್ಲಿಲ್ಲ. ನಾನೇ ಬಂದೆ."